ಕುನ್ನಿಯ ಪಥ್ಯ ಕೆಡಿಸಿದವರು ಯಾರು

ಅಂಗಳದಲ್ಲಿ ಓಲೆ ಚಾಪೆ ಹಾಸಿ ಹಲಸಿನ ಹಪ್ಪಳ ಹರವುತ್ತಿದ್ದೆ. ಬೇರೆ ದಿನವಾಗಿದ್ದರೆ ಈ ಕೆಲಸಕ್ಕೆ ನಮ್ಮ ಕುನ್ನಿ ಜೊತೆಗಿರುತ್ತಿತ್ತು. ಚಾಪೆಯ ಬದಿಗೆ ಮಲಗಿಕೊಂಡು, ಕಾಗೆ ಇಳಿದಾಗ ತಲೆ ಎತ್ತಿ ಒಮ್ಮೆ ಬೊಗಳಿದರೆ ಅದರ ಪಾಲಿನ ಕೆಲಸ ಮುಗಿಯುತ್ತಿತ್ತು. ಆ ಬುಧವಾರ ಅದು ಇರಲಿಲ್ಲ. ಬೆಳಿಗ್ಗೆಯೇ ನನ್ನ ಯಜಮಾನರು ಅದನ್ನು ಗೋಣಿಯ ಮೇಲೆ ಮಲಗಿಸಿ, ಟೆಂಪೋದಲ್ಲಿ ಕುಂದಾಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ನಾನೇ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಹಪ್ಪಳ ಹಿಡಿದು ಕಾಗೆಯನ್ನೂ ಬಿಸಿಲನ್ನೂ ಬೈಯುತ್ತಿದ್ದಾಗ ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ಬಡಿದುಕೊಂಡಿತು. ಯಜಮಾನರು.

"ಹ್ವಾಯ್, ಕೇಂತಾ? ಮತ್ತೆ ಅದೇ ಅಂಬ್ರ್."

"ಅದೇ ಅಂದ್ರೆ?"

"ಹೊಟ್ಟಿ ಒಳ್ಗಿನ ಆ ಗ್ರಂಥಿ ಮತ್ತೆ ಊದಿತ್ ಅಂಬ್ರ್. ಡಾಕ್ಟ್ರ್ ನಂಗೇ ಬೈದ್ರ್. ಯಾರೋ ಅದ್ಕ್ ಎಣ್ಣಿಯೋ ತುಪ್ಪವೋ ತಿನ್ಸ್ತಾ ಇದ್ರ್, ಇಲ್ದಿರೆ ಹೀಂಗ್ ಆಪುದೇ ಇಲ್ಲೆ ಅಂದ್ರ್. ಇನ್ನೊಂದ್ ಸರ್ತಿ ಹೀಂಗಾರೆ ಉಳ್ಸುಕ್ ಆತಿಲ್ಲೆ ಅಂಬ್ರ್."

"ಯಾರ್ ತಿನ್ಸಿದ್ದ್?"

"ಅದನ್ನ್ ಡಾಕ್ಟ್ರ್ ಹ್ಯಾಂಗ್ ಹೇಳ್ತ್ರ್? ಮನಿಯಲ್ಲ್ ಇಪ್ಪುದ್ ನೀನ್."

ಡ್ರಿಪ್ ಹಾಕಿದ್ದಾರೆ, ಸಂಜೆಗೆ ಮನೆಗೆ ಬಿಡುತ್ತಾರೆ ಎಂದು ಹೇಳಿ ಫೋನಿಟ್ಟರು. ಸಂಜೆಗಾದರೂ ಮನೆಗೆ ಬರುತ್ತದಲ್ಲ, ಅಷ್ಟು ಸಾಕು ದೇವರೇ ಅಂದುಕೊಂಡೆ. ಆ ದಿನ ಟೆಂಪೋಗೆ ಬಾಡಿಗೆ ಸಿಗದೆ ಇದ್ದದ್ದು ಕೂಡ ಒಂದು ಪುಣ್ಯವೇ. ಆದರೆ ಅವರ ಆ ಕೊನೆಯ ಮಾತು ಮಾತ್ರ ಕಿವಿಯಲ್ಲಿ ಉಳಿದುಬಿಟ್ಟಿತು. ಮನೆಯಲ್ಲಿ ಇರುವುದು ನಾನು. ನನ್ನ ಕಣ್ಣು ತಪ್ಪಿಸಿ ತಿನ್ನಿಸುತ್ತಿರುವವರು ಯಾರು?

ಕುನ್ನಿ ಎಂದರೆ ಈಗ ಮರಿಯೇನಲ್ಲ. ವಂಡ್ಸೆ ರಸ್ತೆಯ ಬದಿಯಲ್ಲಿ, ಮಳೆಯಲ್ಲಿ ನೆನೆಯುತ್ತಿದ್ದ ಮರಿಯನ್ನು ಯಜಮಾನರು ಟವೆಲಿನಲ್ಲಿ ಸುತ್ತಿ ತಂದರು. ನಮ್ಮ ಕಡೆ ನಾಯಿಮರಿಗೆ ಕುನ್ನಿ ಎನ್ನುತ್ತೇವೆ. ಅದು ಮೊಣಕಾಲೆತ್ತರ ಬೆಳೆದ ಮೇಲೂ ಬೇರೆ ಹೆಸರಿಡುವ ಪುರುಸೊತ್ತು ನಮಗೆ ಆಗಲಿಲ್ಲ. ನಾವು ತಿಂದದ್ದನ್ನೇ ಅದೂ ತಿಂದಿತು. ಬೆಳಿಗ್ಗೆ ಉಳಿದ ದೋಸೆ, ಮಧ್ಯಾಹ್ನ ಮೀನು ಸಾರಿನ ಅನ್ನ, ಕೋಳಿ ಮಾಡಿದ ದಿನ ಬಾಣಲೆಯ ತಳದಲ್ಲಿ ಹಿಡಿದ ಮಸಾಲೆ. ನಾಯಿಗೆಂದು ಬೇರೆ ಒಲೆ ಹೊತ್ತಿಸುವುದನ್ನು ನಮ್ಮ ಬೀದಿಯಲ್ಲಿ ಯಾರೂ ಕೇಳಿದವರಲ್ಲ.

ಮೊದಲ ಸಲ ಅದಕ್ಕೆ ಹುಷಾರು ತಪ್ಪಿದ್ದು ದೀಪಾವಳಿ ಕಳೆದ ಮೇಲೆ. ಬೆಳಿಗ್ಗೆ ನೋಡಿದರೆ ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಎದೆಯನ್ನು ನೆಲಕ್ಕಿಟ್ಟು, ಹಿಂಭಾಗ ಮಾತ್ರ ಮೇಲಕ್ಕೆತ್ತಿಕೊಂಡು ಜಗಲಿಯಲ್ಲಿ ನಿಂತಿತ್ತು. ಯಜಮಾನರ ತಾಯಿ, ನನ್ನ ಅತ್ತೆ, ಹೂ ಕೊಯ್ದು ಬರುತ್ತಿದ್ದವರು ಅಲ್ಲಿಯೇ ನಿಂತು ನನ್ನನ್ನು ಕರೆದರು.

"ಕಾಣ್ ಮಗಾ, ಕಾಣ್! ದೇವ್ರ ಕೋಣಿ ಬದಿಗ್ ಮುಖ ಮಾಡಿ ಅಡ್ಡ ಬೀಳ್ತಾ ಇತ್ತ್. ನಮ್ಮ ಮನಿ ಗಂಡ್ಸ್ರಿಗ್ ಇಲ್ದಿಪ್ಪು ಭಕ್ತಿ ಪ್ರಾಣಿಗ್ ಇತ್ತ್."

ನಾನೂ ಕೈ ಮುಗಿದೆ, ಸುಳ್ಳೇಕೆ ಹೇಳಲಿ. ಸ್ವಲ್ಪ ಹೊತ್ತಿಗೆ ಅದು ಹಳದಿ ನೀರು ಕಾರತೊಡಗಿತು. ಡಾಕ್ಟರು ಅದರ ಹೊಟ್ಟೆ ಮುಟ್ಟಿ ನೋಡಿ, "ಅಮ್ಮಾ, ಅದು ನಮಸ್ಕಾರ ಅಲ್ಲ. ಹೊಟ್ಟೆಯ ನೋವು ತಡೆಯಲಾರದೆ ಹಾಗೆ ನಿಲ್ಲುವುದು," ಎಂದರು. ಜಿಡ್ಡು ಕರಗಿಸುವ ಗ್ರಂಥಿಯೇ ಊದಿಕೊಂಡಿದೆಯಂತೆ. ಇನ್ನು ಮೇಲೆ ಎಣ್ಣೆ ಇಲ್ಲ, ತುಪ್ಪ ಇಲ್ಲ, ಕರಿದದ್ದು, ಮಸಾಲೆ, ನೀರುಳ್ಳಿ ಇಲ್ಲ. ತೆಂಗಿನಕಾಯಿ ಅಂತೂ ಕೂಡದು. ಮೆತ್ತಗೆ ಬೇಯಿಸಿದ ಅನ್ನ, ಸಿಹಿಗುಂಬಳ, ಚರ್ಮ ತೆಗೆದ ಕೋಳಿ, ಇಲ್ಲವೆಂದರೆ ಜಿಡ್ಡಿಲ್ಲದ ಬಿಳಿ ಮೀನನ್ನು ಬರೀ ನೀರಿನಲ್ಲಿ ಬೇಯಿಸಿ ಮುಳ್ಳು ಬಿಡಿಸಿ ಕೊಡಬೇಕು. ಒಮ್ಮೆಗೇ ರಾಶಿ ಹಾಕದೆ ಆಗಾಗ ಸ್ವಲ್ಪ ಸ್ವಲ್ಪ.

ಕಾಯಿ ಇಲ್ಲದೆ ಅಡುಗೆ ಮಾಡು ಎಂದು ನಮ್ಮ ಕಡೆಯ ಹೆಂಗಸಿಗೆ ಹೇಳಿದರೆ ಎರಡೂ ಕೈ ಕಟ್ಟಿಹಾಕಿದ ಹಾಗೆ. ಆದರೂ ಮಾಡಿದೆ. ಮೊದಮೊದಲು ಕುನ್ನಿ ಬಟ್ಟಲನ್ನು ಮೂಸಿ, ನನ್ನ ಮುಖ ನೋಡಿ, ಯಾರದೋ ಮನೆಯ ಊಟ ತಪ್ಪಿ ಇಲ್ಲಿಗೆ ಬಂದಿದೆ ಎನ್ನುವ ಹಾಗೆ ದೂರ ಹೋಗಿ ಕೂರುತ್ತಿತ್ತು. ಹಸಿವೆ ಹೆಚ್ಚಾದಾಗ ತಿಂದಿತು. ಬರಬರುತ್ತ ಮೈಯ ರೋಮಕ್ಕೆ ಹೊಳಪು ಬಂತು. ಅತ್ತೆ ಅದಕ್ಕೆ ಪೂರ್ತಿ ಗುಣವಾಗುವ ತನಕ ಮಂಗಳವಾರ ಮಂಗಳವಾರ ಊರ ಗಣಪತಿಗೆ ಸೇವೆ ಮಾಡಿಸುತ್ತೇನೆ ಎಂದು ಹರಕೆ ಹೊತ್ತಿದ್ದರು. ಪಥ್ಯವೂ ಇದೆ, ದೇವರೂ ಇದ್ದಾನೆ ಎಂದು ನಾನು ನಿಶ್ಚಿಂತೆಯಿಂದ ಇದ್ದೆ. ಅಷ್ಟರಲ್ಲಿ ಇದು.

ಹಪ್ಪಳ ಪೂರ್ತಿ ಹರವುವುದರೊಳಗೆ ಮೀನಿನಾಕೆ ಬಂದಳು. ಬುಟ್ಟಿ ಇಳಿಸಿ ಮೆಟ್ಟಿಲ ಮೇಲೆ ಕೂರುವುದು, ಕುನ್ನಿ ಓಡಿ ಬಂದು ಅವಳ ಕೈ ನೆಕ್ಕುವುದು ದಿನದ ರೂಢಿ.

"ಹ್ವಾಯ್ ಅಕ್ಕಾ, ಬೈಗಿ ಇತ್ತ್ ಕಾಣಿ. ಸುಟ್ರೆ ಎಣ್ಣಿ ಸೋರುತ್ತ್, ಅಷ್ಟ್ ಲಾಯ್ಕಿತ್ತ್."

ಎಣ್ಣೆ ಎಂಬ ಮಾತು ಕೇಳಿದ್ದೇ ನನ್ನ ಮೈಯೆಲ್ಲ ಕಿವಿಯಾಯಿತು. ಬೈಗೆ ಎಂದರೆ ಬೂತಾಯಿ. ಅದರಷ್ಟು ಜಿಡ್ಡು ಬೇರೆ ಯಾವ ಮೀನಿಗೂ ಇಲ್ಲ. ಒಡೆದು ಹಿಸುಕಿದ್ದನ್ನು ಯಾರೂ ಕೊಳ್ಳುವುದಿಲ್ಲ. ಅಂಥದ್ದನ್ನು ಬಾಲ ಅಲ್ಲಾಡಿಸುತ್ತ ಎದುರು ಕೂತ ನಾಯಿಗೆ ಎಸೆಯಲು ಎಷ್ಟು ಹೊತ್ತು ಬೇಕು?

"ಕುನ್ನಿ ಆಸ್ಪತ್ರಿಯಲ್ಲ್ ಇತ್ತ್," ಎಂದೆ. "ನೀ ಅದ್ಕ್ ಬೈಗಿ ಹಾಕಿದ್ಯಾ? ಸತ್ಯ ಹೇಳ್."

"ನಾನಾ?" ಅವಳು ಎದೆಯ ಮೇಲೆ ಕೈಯಿಟ್ಟಳು. "ಅಕ್ಕಾ, ಬೈಗಿಗ್ ಈಗ ಎಂತ ರೇಟ್ ಗೊತ್ತಿತ್ತಾ? ನನ್ ಮನಿ ಗಂಡ್ಸ್ರಿಗೇ ನಾನ್ ನೋಡಿ ನೋಡಿ ಬಡಿಸ್ತೆ. ನಿಮ್ ನಾಯಿಗ್ ಸುರುಕ್ ನಂಗ್ ತಲಿ ಕೆಟ್ಟಿತ್ತಾ?"

"ಮತ್ತೆ ನಿನ್ ಕಂಡ್ರೆ ಅಷ್ಟ್ ಕುಣಿತ್ತ್ ಎಂತಕ್?"

"ನನ್ ಮೈಯೇ ಮೀನ್ ವಾಸ್ನಿ ಬತ್ತ್ ಅಲ್ದಾ, ಅದ್ಕ್. ನೀವ್ ಅದ್ಕ್ ಬೈಗಿಗಿಂತ ತುಟ್ಟಿ ಕಾಣೆ ಮೀನ್ ಬೇಯ್ಸಿ ಮುಳ್ಳ್ ತೆಗ್ದ್ ತಿನ್ಸ್ತ್ರಿ, ನೀವ್ ತಿಂಬುದ್ ಬೈಗಿ. ನಾನ್ ನಿಮ್ ಮನಿ ಕುನ್ನಿ ಆಯಿ ಹುಟ್ಕಿತ್ ಮರಾಯ್ರೆ!"

ನಕ್ಕು ಬುಟ್ಟಿ ಎತ್ತಿಕೊಂಡು ಹೋದಳು. ತಪ್ಪಿಲ್ಲದವರು ಅಷ್ಟು ಬೇಗ ನಗುತ್ತಾರೆಯೇ ಎಂದು ನನಗೆ ಅನಿಸಿತು. ಮಾರನೆಯ ದಿನದಿಂದ ಅವಳು ಬರುವ ಹೊತ್ತಿಗೆ ಗೇಟಿಗೆ ಚಿಲಕ ಹಾಕಿ ಹೊರಗಿನಿಂದಲೇ ಮೀನು ಕೊಂಡೆ. ಅವಳೋ ತೂಕದ ಮೇಲೆ ಹಾಕುತ್ತಿದ್ದ ಒಂದು ಮೀನನ್ನು ನಿಲ್ಲಿಸಿದಳು.

ಬುಧವಾರ ಸಂಜೆಯೇ ಕುನ್ನಿ ಮನೆಗೆ ಬಂದಿತ್ತು. ಕಾಲಿಗೆ ಪಟ್ಟಿ ಸುತ್ತಿತ್ತು, ಬಾಲ ಅಲ್ಲಾಡಲಿಲ್ಲ. ಅದನ್ನು ಇಳಿಸಿಕೊಂಡವಳು ಟೆಂಪೋದ ಒಳಗೂ ಕಣ್ಣು ಹಾಯಿಸಿದೆ. ಸೀಟಿನ ಕೆಳಗೆ ಎಣ್ಣೆ ಹೀರಿದ ಪೇಪರಿನ ಉಂಡೆ ಇತ್ತು. ಮೂಸಿದರೆ ಗೋಳಿಬಜೆ.

"ಇದ್ ಎಂತ?"

ಯಜಮಾನರ ಮುಖ ಇಳಿಯಿತು. "ಅದ್ ನಾನ್ ತಿಂದದ್ದ್."

"ಒಬ್ರೇಯಾ?"

"ಒಬ್ನೇ ಮರಾಯ್ತಿ. ಗೋಳಿಬಜೆ ತಿಂಬುಕ್ ಸಾಕ್ಷಿ ಕರ್ಕ ಹೋಯ್ಕಾ?"

"ಹಾಂಗಾರೆ ಸೀಟಿನಡಿಗ್ ಹುಗ್ಸಿಟ್ಟದ್ದ್ ಎಂತಕ್?"

"ನಂಗೂ ಡಾಕ್ಟ್ರ್ ಎಣ್ಣಿ ತಿನ್ಬೇಡ ಅಂದಿದ್ರಲೆ. ನಿಂಗ್ ಕಾಂಬುದ್ ಬೇಡ ಅಂದೇಳಿ."

ಸುಳ್ಳು ಹೇಳಿ ಸಿಕ್ಕಿಬಿದ್ದವರ ಹಾಗೆಯೇ ಹೇಳಿದರು. ಆದರೆ ಯಾವ ಸುಳ್ಳು ಎನ್ನುವುದು ನನಗೆ ತಿಳಿಯಲಿಲ್ಲ. ತಾನು ತಿಂದದ್ದನ್ನು ಮುಚ್ಚಿಡುವವರು ನಾಯಿಗೆ ತಿನ್ನಿಸಿದ್ದನ್ನು ಮುಚ್ಚಿಡಲಾರರೇ?

ಉಳಿದವರು ಅತ್ತೆ. ಜಗಲಿಯಲ್ಲಿ ಕುಳಿತು ಹತ್ತಿಯ ಬತ್ತಿ ಹೊಸೆಯುತ್ತಿದ್ದರು. ಕೇಳಲು ನನಗೇ ಹಿಂಜರಿಕೆ. ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು.

"ನನ್ ಮೇಲೂ ಗುಮಾನಿ ಇತ್ತಾ ನಿಂಗ್? ಒಂದ್ ಅಗ್ಳ್ ಅನ್ನ ಹಾಕ್ಲಿಲ್ಲೆ. ಕಾಪಿಯಲ್ಲ್ ಅದ್ದಿದ್ ಬಿಸ್ಕೇಟ್ ಸೈತ ಕೊಡ್ಲಿಲ್ಲೆ. ದೇವ್ರಾಣಿ."

ಅತ್ತೆ ದೇವರ ಆಣೆಯನ್ನು ಸುಮ್ಮನೆ ಹಾಕುವವರಲ್ಲ. ಅವರನ್ನು ನಾನು ಪೂರ್ತಿ ನಂಬಿದೆ.

ಆಮೇಲಿನ ದಿನಗಳಲ್ಲಿ ನಾನು ಮನುಷ್ಯಳಾಗಿ ಉಳಿಯಲಿಲ್ಲ, ಪೊಲೀಸಾದೆ. ಮುಸುರೆ ಬಕೆಟಿನ ಮೇಲೆ ಕಲ್ಲು ಹೇರಿದೆ. ಅಡುಗೆಮನೆಗೆ ಚಿಲಕ. ಆಗಾಗ ಕುನ್ನಿಯ ಬಾಯಿ ಬಿಡಿಸಿ ಮೂಸುವುದು. ಯಜಮಾನರು ಅಂಗಿ ಬಿಚ್ಚಿದರೆ ಕಿಸೆ ಮೂಸುವುದು. ಕಾಗೆ ಎಲ್ಲಿಂದಲೋ ವಡೆಯ ತುಂಡು ತಂದು ಬಾವಿಕಟ್ಟೆಯ ಮೇಲೆ ಹಾಕಿದ್ದನ್ನು ನೋಡಿ ಅದರ ಮೇಲೂ ಸಂಶಯಪಟ್ಟೆ. ದೇವರ ಎದುರು ದೀಪ ಹಚ್ಚುವಾಗಲೂ ಬೇಡಿಕೊಂಡದ್ದು ಒಂದೇ, ಅದು ಯಾರು ಎಂದು ತೋರಿಸಿಕೊಡು. ದಿನ ಕಳೆದು ಕುನ್ನಿ ಗಂಜಿ ನೆಕ್ಕುವ ಮಟ್ಟಿಗೆ ಬಂತು. ಒಂದು ದಿನ ಬಾಲವೂ ಅಲ್ಲಾಡಿತು. ನನಗೆ ಅದೇ ಹಬ್ಬ.

ಮಂಗಳವಾರ ಬಂತು. ಅತ್ತೆ ದೇವಸ್ಥಾನದಿಂದ ಬರುವ ಹೊತ್ತಿಗೆ ಕುನ್ನಿ ಗೇಟಿನ ಹತ್ತಿರ ಹೋಗಿ ನೆಟ್ಟಗೆ ಕುಳಿತಿತ್ತು. ಅತ್ತೆ ಅದರ ಹಣೆಗೆ ಗಂಧ ಹಚ್ಚಿ, ಮೆಟ್ಟಿಲ ಮೇಲೆ ಬಾಳೆಲೆಯ ಪೊಟ್ಟಣ ಬಿಚ್ಚಿ, ನನ್ನನ್ನು ಕೂಗಿದರು. ಹೋಗಿ ಕೈಯೊಡ್ಡಿದೆ. ಪಂಚಕಜ್ಜಾಯವನ್ನು ಕಣ್ಣಿಗೊತ್ತಿ ಬಾಯಿಗೆ ಹಾಕಿಕೊಂಡೆ. ಒಳ್ಳೆಯ ಕಡಲೆ, ಎಳ್ಳು, ಬೆಲ್ಲ. ಹಿತವಾಗಿತ್ತು. ಕೈ ತೊಳೆದು ಅಕ್ಕಿ ಬೀಸಲು ಹೋಗೋಣವೆಂದು ನಲ್ಲಿ ಬಿಟ್ಟೆ. ನೀರು ಅಂಗೈಯಲ್ಲಿ ನಿಲ್ಲಲಿಲ್ಲ. ಕೆಸುವಿನ ಎಲೆಯ ಮೇಲಿನ ಹಾಗೆ ಹನಿಹನಿಯಾಗಿ ಜಾರಿತು. ಉಜ್ಜಿದೆ, ಹೋಗಲಿಲ್ಲ. ಸೋಪು ತೆಗೆದುಕೊಂಡೆ. ಸೋಪು ಕೈಯಲ್ಲಿರುವಾಗಲೇ ಹೊಳೆಯಿತು. ತುಪ್ಪ. ಹಲ್ಲಿನ ಸಂದಿನಲ್ಲಿ ಇನ್ನೂ ಸಿಕ್ಕಿಕೊಂಡಿದ್ದದ್ದು ತೆಂಗಿನಕಾಯಿ.

ಓಡಿದೆ. ಕುನ್ನಿಯ ಎದುರು ಅತ್ತೆ ಆಗಷ್ಟೇ ಬಿಚ್ಚಿಟ್ಟ ಇಡೀ ಒಂದು ಪೊಟ್ಟಣ. ಅದು ಮೊದಲ ಸಲ ನಾಲಿಗೆ ಹಾಕಿತ್ತು ಅಷ್ಟೇ. ಎಲೆಯನ್ನು ಅದರ ಮೂತಿಯಡಿಯಿಂದ ಎಳೆದುಕೊಂಡೆ.

"ಎಂತ ಮಾಡ್ತೆ ನೀನ್!" ಅತ್ತೆ ಕೂಗಿದರು. "ಪ್ರಸಾದ ಅದ್! ಬಾಯಿಂದ ಕಸಿತ್ಯಾ?"

ಪ್ರಸಾದವನ್ನು ಬಾಯಿಯಿಂದ ಕಸಿದುಕೊಂಡ ಹೆಂಗಸನ್ನು ನಾನು ಆ ತನಕ ಕಂಡಿರಲಿಲ್ಲ.

ಅತ್ತೆ ಕದ್ದುಮುಚ್ಚಿ ಕೊಟ್ಟದ್ದಲ್ಲ. ಮಂಗಳವಾರ ಮಂಗಳವಾರ ಇದೇ ಮೆಟ್ಟಿಲ ಮೇಲೆ, ನನ್ನ ಎದುರಿಗೇ ಕೊಟ್ಟಿದ್ದರು. ಎಷ್ಟೋ ಸಲ ನಾನು ನನ್ನ ಪಾಲು ಮೆಲ್ಲುತ್ತ ಪಕ್ಕದಲ್ಲೇ ನಿಂತಿದ್ದೆ. ಯಜಮಾನರೂ ಕಂಡಿದ್ದರು. ಮೂವರಲ್ಲಿ ಒಬ್ಬರಿಗೂ ಅದು ನಾಯಿಗೆ ತಿನ್ನಿಸಿದ ಹಾಗೆ ಕಾಣಲಿಲ್ಲ. ನಮ್ಮಲ್ಲಿ ಉಪವಾಸದ ದಿನ ಪ್ರಸಾದ ಬಾಯಿಗೆ ಹಾಕಿಕೊಂಡರೆ ಉಪವಾಸ ಕೆಡುವುದಿಲ್ಲ. ಸಕ್ಕರೆ ಕಾಯಿಲೆಯವರೂ ಬೇಡ ಎನ್ನುವುದಿಲ್ಲ. ಪ್ರಸಾದ ತಿಂಡಿಯಲ್ಲ, ಊಟವಲ್ಲ, ಪ್ರಸಾದ ಪ್ರಸಾದವೇ. ಡಾಕ್ಟರು ಕೇಳಿದ್ದು ಏನು ತಿನ್ನಿಸುತ್ತೀರಿ ಎಂದು. ನಾವು ತಿನ್ನಿಸಿದ್ದನ್ನೆಲ್ಲ ಹೇಳಿದ್ದೆವು. ಅತ್ತೆಯ ಆಣೆ ಸುಳ್ಳಾಗಿರಲಿಲ್ಲ.

ಮೆಟ್ಟಿಲ ಮೇಲೆ ಅವರ ಪಕ್ಕ ಕುಳಿತು ಹೇಳಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

"ಅತ್ತೆ, ಈ ಸರ್ತಿ ಅದ್ಕ್ ಹುಷಾರ್ ತಪ್ಪಿದ್ದ್ ಬುಧ್ವಾರ. ನೀವ್ ಪ್ರಸಾದ ಕೊಡುದ್ ಮಂಗಳ್ವಾರ."

ಅವರು ನನ್ನ ಮುಖವನ್ನೇ ನೋಡಿದರು. "ದೇವ್ರ ಪ್ರಸಾದದಲ್ಲ್ ರೋಗ ಬಪ್ಪುದಾ?"

"ದೇವ್ರದ್ದ್ ತಪ್ಪಿಲ್ಲೆ. ತುಪ್ಪದ್ದ್, ಕಾಯಿದ್ದ್."

"ಮೊದ್ಲ್ ಒಂಚೂರೇ ಕೊಡ್ತಿದ್ದೆ." ಅವರ ದನಿ ಸಣ್ಣದಾಯಿತು. "ಪೂರಾ ಗುಣ ಆಯ್ಲಿಲ್ಲ ಅಂದೇಳಿ ಹೋದ್ ವಾರ್ದಿಂದ ಅದ್ಕೇ ಒಂದ್ ಬೇರೆ ಪೊಟ್ಣ. ತುಪ್ಪವೂ ಜಾಸ್ತಿ ಹಾಕಿ ಅಂದೇಳಿ ಭಟ್ರಿಗ್ ನಾನೇ ಹೇಳಿದ್ದೆ. ಹಾಂಗಾರೆ ಅದ್ಕ್ ನಾನೇ..."

ಎದ್ದು ಒಳಗೆ ಹೋದರು. ಮಧ್ಯಾಹ್ನ ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಕಸಿದ ಪ್ರಸಾದವನ್ನು ಎಸೆಯುವ ಧೈರ್ಯ ನನಗಿರಲಿಲ್ಲ. ತುಳಸಿ ಕಟ್ಟೆಯ ಬುಡದಲ್ಲಿ ಗುಂಡಿ ತೋಡಿ ಹಾಕಿ ಮಣ್ಣು ಮುಚ್ಚಿದೆ. ಕುನ್ನಿ ಅಲ್ಲಿಗೂ ಬಂದು ಮೂಸಿತು. ಅದರ ಮೇಲೊಂದು ಕಲ್ಲು ಇಟ್ಟೆ.

ಆಮೇಲೆ ಇನ್ನೊಂದು ತೊಂದರೆ. ಸಿಹಿಗುಂಬಳ ಹಾಕಿದ ಅನ್ನ ಇಟ್ಟರೆ ಕುನ್ನಿ ತಿನ್ನಲಿಲ್ಲ. ಸಿಗಬೇಕಾದದ್ದು ಸಿಗಲಿಲ್ಲ ಎನ್ನುವ ಹಾಗೆ ಬಟ್ಟಲಿಗೆ ಬೆನ್ನು ಹಾಕಿ ದೇವರ ಕೋಣೆಯ ಬಾಗಿಲು ನೋಡುತ್ತ ಮಲಗಿತು. ಖಾಲಿ ಹೊಟ್ಟೆಯಲ್ಲಿ ಮಾತ್ರೆ ಕೊಡುವ ಹಾಗಿಲ್ಲ. ಆ ಒಂದು ನಾಲಿಗೆಯ ತುಪ್ಪ ಒಳಗೆ ಏನು ಮಾಡುತ್ತಿದೆಯೋ, ನೋವಿಗೇ ಊಟ ಬಿಟ್ಟಿತೋ, ಹಟಕ್ಕೆ ಬಿಟ್ಟಿತೋ ಎಂದು ನನಗೆ ಗಾಬರಿ.

ಅತ್ತೆ ಹೊರಗೆ ಬಂದರು. ಬಟ್ಟಲು ನೋಡಿದರು, ನಾಯಿಯನ್ನು ನೋಡಿದರು.

"ಪಾತ್ರಿಯಲ್ಲ್ ಮುಟ್ಟದ್ ಅನ್ನ ಇತ್ತಾ?"

"ಇತ್ತ್."

"ಉಪ್ಪ್ ಹಾಕ್ಲಿಲ್ಲೆ ಅಲ್ದಾ? ನೈವೇದ್ಯಕ್ಕೂ ಉಪ್ಪಿಲ್ಲೆ. ತಾ."

ಸೇವೆಯ ದಿನ ನಮ್ಮಲ್ಲಿ ಮೀನು ಕೋಳಿ ಒಲೆಗೆ ಬರುವುದಿಲ್ಲ, ಹಾಗಾಗಿ ಅಡ್ಡಿಯಿರಲಿಲ್ಲ. ಕೈಕಾಲು ತೊಳೆದು, ಬಾಳೆಲೆಯ ತುದಿಯಲ್ಲಿ ಅನ್ನವನ್ನೂ ಸಿಹಿಗುಂಬಳದ ತುಂಡುಗಳನ್ನೂ ಬಡಿಸಿ, ದೇವರ ಎದುರು ಇಟ್ಟು ಗಂಟೆ ಬಾರಿಸಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಅವರ ಬಲಗೈ ಸದ್ದಿಲ್ಲದೆ ತುಪ್ಪದ ಬಟ್ಟಲ ಕಡೆಗೆ ಹೋಯಿತು.

"ಅತ್ತೆ!"

"ಒಂದ್ ಹನಿ ಇಲ್ದೆ ನೈವೇದ್ಯ ಹ್ಯಾಂಗ್ ಆತ್ತ್ ಮರಾಯ್ತಿ?"

"ತೀರ್ಥ ಹಾಕಿ."

ಅವರು ದೇವರ ಪಟವನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ. ಯಾರ ಮುಖದಲ್ಲಿ ಅಪ್ಪಣೆ ಕಂಡಿತೋ ಗೊತ್ತಿಲ್ಲ. ತೀರ್ಥದ ಹನಿ ಬಿಟ್ಟು ತುಳಸಿ ಇಟ್ಟರು. ಎಲೆಯನ್ನು ಹಾಗೆಯೇ ಎತ್ತಿ ತಂದು ಮೆಟ್ಟಿಲ ಮೇಲೆ ಇಟ್ಟಾಗ ಕುನ್ನಿ ಎದ್ದು ನೆಟ್ಟಗೆ ಕುಳಿತಿತು. ಮೂಸಿತು. ಇದು ಬಟ್ಟಲಲ್ಲಿದ್ದ ಅನ್ನವೇ ಎಂದು ಅದಕ್ಕೆ ಗೊತ್ತಾಗದೆ ಇರುತ್ತದೆಯೇ? ಆದರೂ ತಿಂದಿತು. ಎಲೆ ನೆಕ್ಕಿತು. ಅತ್ತೆ ಆಮೇಲೆ ತಾವೂ ಎಲೆ ಹಾಕಿಸಿಕೊಂಡರು.

ಮರುದಿನ ಬುಧವಾರ, ಬೆಳಕಾಗುವ ಮೊದಲೇ ಎದ್ದು ಜಗಲಿಗೆ ಬಂದೆ. ಕುನ್ನಿ ನಾಲ್ಕು ಕಾಲಿನ ಮೇಲೆ ನೆಟ್ಟಗೆ ನಿಂತು ಮೈ ಕೊಡವಿತು. ವಾಂತಿ ಇಲ್ಲ. ಅಲ್ಲಿಯೇ ನೆಲಕ್ಕೆ ಹಣೆ ಹಚ್ಚಿದೆ. ಗೇಟಿನ ಚಿಲಕ ತೆಗೆದಿಟ್ಟೆ. ಮೀನಿನಾಕೆ ಬಂದು ಮೆಟ್ಟಿಲ ಮೇಲೆ ಕೂತಾಗ ನಡೆದದ್ದನ್ನೆಲ್ಲ ಹೇಳಿದೆ.

"ಹಾಂಗಾರೆ ಕಳ್ಳ ಗಣಪತಿಯಾ?" ಎಂದು ಹೊಟ್ಟೆ ಹಿಡಿದು ನಕ್ಕಳು. "ನನ್ ಮೇಲ್ ಹೇಳಿದ್ದ್ ಸಾಯ್ಲಿ, ಅವ್ನಿಗ್ ಎಂತ ಕೊಡ್ತ್ರಿ ಈಗ? ಕಾಣೆ ಮೀನಾ?"

ಆ ದಿನ ತೂಕದ ಮೇಲೆ ಒಂದು ಮೀನು ಬಿತ್ತು.

ಮುಂದಿನ ಸಲ ರಕ್ತ ನೋಡಿದ ಡಾಕ್ಟರು ಸುಧಾರಿಸಿದೆ ಎಂದರು. ಪಥ್ಯ ಬಿಡಬೇಡಿ ಎಂದೂ ಹೇಳಿದರು. ಈಗ ಕುನ್ನಿಯ ಮಧ್ಯಾಹ್ನದ ಅನ್ನ ದಿನವೂ ದೇವರ ಕೋಣೆಗೆ ಹೋಗಿ ಬರುತ್ತದೆ. ಮೀನು ಕೋಳಿ ಬೇರೆ ಹೊತ್ತಿಗೆ, ಬೇರೆ ಬಟ್ಟಲಿಗೆ. ಆದರೆ ನನ್ನ ಸಂಶಯ ಮಾತ್ರ ಎಲ್ಲಿಗೂ ಹೋಗಿ ಬರಲಿಲ್ಲ, ಇಲ್ಲೇ ಇದೆ. ಒಂದು ಹನಿ ತುಪ್ಪವಿಲ್ಲದ ನೈವೇದ್ಯ ಅತ್ತೆಯ ಮನಸ್ಸನ್ನು ಕೊರೆಯುತ್ತಿದೆ ಎಂದು ನನಗೆ ಗೊತ್ತು. ತುಪ್ಪದ ಭರಣಿ ತೆರೆದಾಗಲೆಲ್ಲ ಕಡಿಮೆಯಾದ ಹಾಗೆ ಕಾಣುತ್ತದೆ. ಕೇಳಿದರೆ ದೀಪಕ್ಕೆ ಎನ್ನುತ್ತಾರೆ. ನಮ್ಮ ದೀಪಕ್ಕೆ ಎಳ್ಳೆಣ್ಣೆ.

ನಿನ್ನೆ ಮಧ್ಯಾಹ್ನ ಗಂಟೆಯ ಸದ್ದು ನಿಂತ ಮೇಲೂ ಅತ್ತೆ ಹೊರಗೆ ಬರಲಿಲ್ಲ. ಒಲೆ ಸಣ್ಣ ಮಾಡಿ ಹೋಗಿ ನೋಡಿದೆ. ಎಲೆಯ ಎದುರು ಕುಳಿತಿದ್ದರು. ಕುನ್ನಿ ಹೊಸ್ತಿಲ ಹೊರಗೆ. ಅತ್ತೆಯ ಬಲಗೈ ಮುಷ್ಟಿ ಕಟ್ಟಿತ್ತು.

"ಕೈಯಲ್ಲ್ ಎಂತ ಅತ್ತೆ?"

ಬಿಚ್ಚಿ ತೋರಿಸಿದರು. ಒಂದು ತುಳಸಿ ದಳ.

"ಎಡಗೈ?"

"ನನ್ ಸೊಸಿ ಆಯಿ ಬಂದದ್ದಾ, ಪೊಲೀಸ್ ಆಯಿ ಬಂದದ್ದಾ ನೀನ್?" ಎಂದು ಎಡಗೈಯನ್ನೂ ಬಿಚ್ಚಿ ನನ್ನ ಮುಖದ ಎದುರು ಹಿಡಿದರು. ಖಾಲಿ. ಆದರೂ ಆ ಕೈಯನ್ನು ಹಿಡಿದು ಬೆರಳಿನಿಂದ ಒರೆಸಿ ನೋಡಿದೆ. ಜಿಡ್ಡಿರಲಿಲ್ಲ. ಅತ್ತೆ ಕೈ ಬಿಡಿಸಿಕೊಳ್ಳಲಿಲ್ಲ. "ನೋಡ್, ಲಾಯ್ಕ್ ಮಾಡಿ ನೋಡ್. ನಂಗೂ ಅದ್ ಬದ್ಕಿ ಉಳಿಕ್," ಎಂದರು.

ಕುನ್ನಿ ಎಲೆಯ ಅನ್ನ ತಿಂದು ಮುಗಿಸುವ ತನಕ ಇಬ್ಬರೂ ನಿಂತು ನೋಡಿದೆವು. ಒಲೆಯ ಮೇಲೆ ಸಂಜೆಯ ಪಾಲಿನ ಕಾಣೆ ಮೀನು ಬೆಂದಿತ್ತು. ಇಳಿಸಿ, ಆರಲು ಬಿಟ್ಟು, ತಟ್ಟೆ ಎಳೆದುಕೊಂಡು ಮುಳ್ಳು ಬಿಡಿಸಲು ಕುಳಿತೆ.